ಸಾಹೇಬರ ದೇಶ ಯಾವುದು

ನಾಲ್ಕು ದೇಶದವರು ಒಂದೇ ಲಿಫ್ಟಿನಲ್ಲಿ ನಿಲ್ಲುವ ಕುವೈತಿನಲ್ಲಿ ದಿನಕ್ಕೊಮ್ಮೆಯಾದರೂ ಯಾರೋ ಯಾರನ್ನೋ ತಪ್ಪು ದೇಶಕ್ಕೆ ಸೇರಿಸುತ್ತಾರೆ. ನನ್ನನ್ನು ಕೇರಳದವನೆಂದು ತಿಳಿದು ಮಲಯಾಳದಲ್ಲಿ ಬೈದವರೂ ಇದ್ದಾರೆ. ಅದೆಲ್ಲ ಮರೆತುಹೋಗಿದೆ. ನಾನು ಮಾಡಿದ ತಪ್ಪುಗಳು ಮಾತ್ರ ಮರೆಯುವುದಿಲ್ಲ. ಸ್ನಾನ ಮಾಡುವಾಗ ನೆನಪಾದರೂ ಮುಖ ಬಿಸಿಯಾಗುತ್ತದೆ.

ಎರಡು ಸಲದ ಮೌನ

ನಾನು ಹಾಸನದ ಕಡೆಯವನು, ಇಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಇಂಜಿನಿಯರ್. ನಮ್ಮ ಮ್ಯಾನೇಜರ್ ಅರವತ್ತರ ಹತ್ತಿರದ ಬಿಳಿಯ ಮನುಷ್ಯ. ಹೊಸದಾಗಿ ಬಂದಿದ್ದರು. ಬಿಳಿಯರು ಅಂದಮೇಲೆ ಇಂಗ್ಲೆಂಡಿನವರೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಬ್ರಿಟನ್ನಿನ ರಾಣಿ ತೀರಿಕೊಂಡ ವಾರ, ಭಾನುವಾರ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ಹನ್ನೆರಡು ಜನರನ್ನೂ ಮೌನವಾಗಿ ನಿಲ್ಲಿಸಿದೆ. ಮ್ಯಾನೇಜರ್ ಕಾಫಿ ಹಿಡಿದು ಬಂದವರು, ಎಲ್ಲರೂ ತಲೆ ತಗ್ಗಿಸಿದ್ದು ಕಂಡು ತಾವೂ ತಗ್ಗಿಸಿ ನಿಂತರು. ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ಯಾರು ಹೋದರು?"

"ನಿಮ್ಮ ರಾಣಿ, ಸರ್. ನಿಮ್ಮ ಇಂಗ್ಲೆಂಡಿಗೆ ದೊಡ್ಡ ನಷ್ಟ."

"ನಾನು ಆಸ್ಟ್ರೇಲಿಯದವನು."

ನೆಲ ಬಾಯಿಬಿಡಬಾರದೇ ಅನ್ನಿಸಿತು. "ಕ್ಷಮಿಸಿ ಸರ್, ಹಾಗಾದರೆ ನಿಮಗೆ ಸಂಬಂಧವಿಲ್ಲ, ಕೂತ್ಕೊಳ್ಳಿ" ಎಂದೆ.

"ಸಂಬಂಧ ಇದೆ. ನಮಗೂ ಅವರೇ ರಾಣಿ" ಎಂದರು.

ಆಗಲೇ ಕೂತಿದ್ದ ಹನ್ನೆರಡು ಜನರನ್ನು ನಾನು ಮತ್ತೊಮ್ಮೆ ಎಬ್ಬಿಸಿ ನಿಲ್ಲಿಸಿದೆ.

ಅರ್ಧ ಕೇಕು

ಆ ತಪ್ಪು ಸರಿಮಾಡಬೇಕೆಂದು ಕಾಯುತ್ತಿದ್ದೆ. ಅವರ ದೇಶದ ದಿನವೂ ನಮ್ಮ ಗಣರಾಜ್ಯೋತ್ಸವವೂ ಒಂದೇ ದಿನ, ಜನವರಿ ಇಪ್ಪತ್ತಾರು ಎಂದು ಗೊತ್ತಾಯಿತು. ಎರಡೂ ಬಾವುಟ ಬರೆಸಿದ ದೊಡ್ಡ ಕೇಕು ತಂದೆ.

ಅವರು ಕೇಕನ್ನೇ ನೋಡುತ್ತಾ, "ನಿಮ್ಮದು ಯಾವುದರ ಹಬ್ಬ?" ಎಂದರು.

"ಬ್ರಿಟಿಷರದ್ದು ಬಿಟ್ಟು ನಮ್ಮದೇ ಸಂವಿಧಾನ ತಂದುಕೊಂಡ ದಿನ ಸರ್. ನಿಮ್ಮದು?"

"ಬ್ರಿಟಿಷರು ಹಡಗಿನಿಂದ ಬಂದು ಇಳಿದ ದಿನ."

ಅವರೇ ಮುಂದುವರಿಸಿದರು. "ಮೊದಲಿಂದ ಅಲ್ಲಿದ್ದ ಜನಕ್ಕೆ ಅದು ದುಃಖದ ದಿನ. ನಾನು ಎಷ್ಟೋ ವರ್ಷ ಅದು ತಿಳಿಯದೆ ಕುಣಿದಿದ್ದೇನೆ. ಈಗ ನಾನು ಆ ದಿನ ಶುಭಾಶಯ ಹೇಳಿದರೆ ಮಗಳು ಫೋನ್ ಇಟ್ಟುಬಿಡುತ್ತಾಳೆ. ಅವಳು ಹೇಳುವುದೇ ಸರಿ."

ಅವರ ಮುಖ ಕೆಂಪಾಗಿತ್ತು. ನನಗೆ ಕೈಯಲ್ಲಿದ್ದ ಚಾಕು ಎಲ್ಲಿಡಬೇಕೋ ತೋಚಲಿಲ್ಲ. ಕೊನೆಗೆ, "ಸರ್, ನಿಮ್ಮ ಕಡೆಯದು ಕತ್ತರಿಸಲೋ ಬೇಡವೋ?" ಎಂದು ಕೇಳಿಯೇಬಿಟ್ಟೆ.

"ನಿಮ್ಮ ಕಡೆಯದೇ ಕೊಡಿ" ಎಂದು ತಟ್ಟೆ ಚಾಚಿದರು. ಉಳಿದವರೂ ಅದೇ ಕೇಳಿದರು. ಆಸ್ಟ್ರೇಲಿಯ ಸಂಜೆಯವರೆಗೂ ಹಾಗೇ ಇತ್ತು.

ನಮ್ಮ ಗೀತೆ

ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕುಟುಂಬಗಳೆಲ್ಲ ಖೈತಾನ್ ಬಡಾವಣೆಯ ಒಂದು ಸಭಾಂಗಣದಲ್ಲಿ ಸೇರಿದ್ದೆವು. ಮ್ಯಾನೇಜರನ್ನು ಅತಿಥಿಯಾಗಿ ಕರೆದುಕೊಂಡು ಹೋದೆ. ಅವರು ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ಕನ್ನಡದಲ್ಲಿ ಹೇಳಿದೆ.

"ರಾಜಮನೆತನ ಬೇಕೋ ಬೇಡವೋ ಎಂದು ನಮ್ಮಲ್ಲಿ ಒಮ್ಮೆ ಓಟು ಹಾಕಿಸಿದ್ದರು. ಇರಲಿ ಅಂದೆವು. ನಾನೂ ಇರಲಿ ಅಂತಲೇ ಹಾಕಿದ್ದೆ. ಈಗ ನಾಚಿಕೆಯಾಗುತ್ತದೆ."

ಮುಂದಿನ ಸಾಲಿನಲ್ಲಿದ್ದ ಗದಗದ ಕಡೆಯ ಹಿರಿಯ ಫೋರ್‌ಮನ್ ಎದ್ದು ನಿಂತರು. "ಅಂದ್ರ ಇವರಿಗೆ ಇನ್ನೂ ಪೂರಾ ಸ್ವಾತಂತ್ರ್ಯ ಸಿಕ್ಕಿಲ್ಲೇನ್ರಿ? ಪಾಪ. ಏನರ ಸಲಹೆ ಬೇಕಾದ್ರ ಕೇಳ್ರಿ ಅಂತ ಹೇಳ್ರಿ, ನಮಗ ಅನುಭವ ಐತಿ."

ಅದನ್ನೂ ಅನುವಾದಿಸಬೇಕಾಯಿತು. ಮ್ಯಾನೇಜರ್ ಕೈಮುಗಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗೌರವವಿರಲಿ ಎಂದು, ನಿಮ್ಮ ರಾಷ್ಟ್ರಗೀತೆ ಹಾಡಿ ಸರ್ ಎಂದೆ. ಎರಡು ಸಾಲು ಗಟ್ಟಿಯಾಗಿ ಹಾಡಿದರು. ಮೂರನೆಯದು ನೆನಪಾಗಲಿಲ್ಲ. ಕಣ್ಣು ಮುಚ್ಚಿಕೊಂಡರು, ಇನ್ನೇನೋ ನಾಲಿಗೆಗೆ ಬಂತು, ಅದನ್ನು ಪೂರ್ತಿ ಹಾಡಿ ಕಣ್ಣು ಬಿಟ್ಟರು. ಅದು ಇಂಗ್ಲೆಂಡಿನದು. "ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ ಇದನ್ನೇ ಹೇಳಿಸುತ್ತಿದ್ದರು" ಎಂದು ತಲೆ ತಗ್ಗಿಸಿದರು.

ಪಾಪ ಅನ್ನಿಸಿತು. ಸುಳ್ಳೇಕೆ, ಸ್ವಲ್ಪ ಜಂಬವೂ ಬಂತು. ಇಲ್ಲೇ ಹುಟ್ಟಿದ ನನ್ನ ಎಂಟು ವರ್ಷದ ಮಗಳನ್ನು ವೇದಿಕೆಗೆ ಕರೆದೆ. "ಪುಟ್ಟಿ, ಸ್ಕೂಲಲ್ಲಿ ಬೆಳಿಗ್ಗೆ ಹಾಡ್ತೀರಲ್ಲ, ನಮ್ಮ ರಾಷ್ಟ್ರಗೀತೆ, ಅದನ್ನ ಅಂಕಲ್‌ಗೆ ಹಾಡಿ ತೋರಿಸು."

"ಓಕೆ ಅಪ್ಪಾ" ಎಂದಳು. ನೆಟ್ಟಗೆ ನಿಂತಳು. ಒಂದಕ್ಷರ ತಪ್ಪದೆ, ಒಂದು ಕಡೆಯೂ ತಡವರಿಸದೆ, ಕುವೈತಿನ ರಾಷ್ಟ್ರಗೀತೆಯನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು. ನಾವೆಲ್ಲರೂ ಎದ್ದು ನಿಂತೆವು. ಬೇರೆ ದಾರಿ ಇರಲಿಲ್ಲ.

ಮ್ಯಾನೇಜರ್ ನನ್ನ ಕಿವಿಯ ಹತ್ತಿರ ಬಾಗಿದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ನಿಮ್ಮ ಭಾಷೆ ಅರಬ್ಬಿಗೆ ಇಷ್ಟು ಹತ್ತಿರ ಅಂತ ನನಗೆ ಗೊತ್ತಿರಲಿಲ್ಲ."

"ಹೌದು ಸರ್" ಎಂದೆ.