ಬೀಗ ಹಾಕಿದ ಮೇಲೆ ನನ್ನ ಕೆಲಸ ಶುರು

ಬಾಗಿಲು ರಿಪೇರಿಗೆ ಬಂದವರ ಎದುರು ಜನ ಏನನ್ನೂ ಮುಚ್ಚಿಡುವುದಿಲ್ಲ. ಮುಚ್ಚಿಡೋಣ ಅಂದರೂ ಬಾಗಿಲೇ ಕಳಚಿ ಗೋಡೆಗೆ ಆನಿಸಿಟ್ಟಿರುತ್ತೇವಲ್ಲ, ಎಲ್ಲಿ ಮುಚ್ಚಿಡುತ್ತಾರೆ. ಹೀಗಾಗಿ ವಾರಕ್ಕೊಂದಾದರೂ ನಗುವಂಥದ್ದು ನನ್ನ ಕಣ್ಣೆದುರಿಗೇ ನಡೆದುಹೋಗುತ್ತದೆ.

ಹೊಸಪೇಟೆ ಸ್ಟೇಷನ್ ಕಡೆಯ ಒಂದು ಗಲ್ಲಿಯಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಮೊದಲು ನಮ್ಮ ಮನೆಯವರದಾಗಿತ್ತು. ವೆಲ್ಡಿಂಗ್ ಬೆಳಕು ಅವರ ಕಣ್ಣಿಗೆ ಆಗದಂತಾಗಿ ಡಾಕ್ಟರು ಕೆಲಸ ಬಿಡಿಸಿದರು. "ಶಾಪ್ ಮಾರಿಬಿಡು ವೈನಿ, ಒಂದು ಹೊಲಿಗೆ ಮಷೀನ್ ಇಟ್ಕೊಂಡು ಮನ್ಯಾಗ ಕುಂದ್ರು" ಅಂದ ಮೈದುನ. "ಹೊಲಿಯೋದ ಆದ್ರ ಕಬ್ಬಿಣ ಹೊಲೀತೀನಿ" ಅಂದೆ. ಆ ಮಾತಿಗೆ ಹದಿನಾಲ್ಕು ವರ್ಷವಾಯಿತು, ಇನ್ನೂ ಹೊಲಿಯುತ್ತಲೇ ಇದ್ದೇನೆ. ಕಿಟಕಿಗೆ ಗ್ರಿಲ್, ಬಾಗಿಲಿಗೆ ಉಕ್ಕಿನ ಚೌಕಟ್ಟು, ಒಳ ಅಗುಳಿ, ಈಗೀಗ ಕ್ಯಾಮೆರಾ ಕೂಡ. ಬೀಗ ಎಲ್ಲರೂ ಹಾಕುತ್ತಾರೆ. ಬೀಗ ಹಾಕಿದ ಬಾಗಿಲಿನ ಚೌಕಟ್ಟನ್ನು ಗೆದ್ದಲು ತಿಂದಿದೆಯೇ ಅಂತ ನೋಡುವವಳು ನಾನು.

ಮನೆ ಭದ್ರ ಮಾಡಿಸುವವರಲ್ಲಿ ಎರಡು ಥರ. ಹೆದರಿ ಮಾಡಿಸುವವರು, ಹಟಕ್ಕೆ ಮಾಡಿಸುವವರು. ನನಗೆ ಹಟದವರೇ ಇಷ್ಟ.

ಆರು ಕೊಂಡಿಯ ಬಾಗಿಲು

ರೈಸ್ ಮಿಲ್ ಮಾಲೀಕರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಅಡುಗೆಮನೆಯ ಕಿಟಕಿಗೆ ಗ್ರಿಲ್ ಅಳತೆ ತೆಗೆಯಲು ಕರೆಸಿದರು. ನಾನು ಅಳತೆ ಟೇಪು ತೆಗೆಯುವ ಮೊದಲೇ ಮುಂಬಾಗಿಲು ತೋರಿಸಲು ನಿಲ್ಲಿಸಿಕೊಂಡರು. ಬೇರೆ ಊರಿನಿಂದ ತರಿಸಿದ ಉಕ್ಕಿನ ಬಾಗಿಲು. ಹೆಬ್ಬೆಟ್ಟು ಒತ್ತಿದರೆ ಸಾಕು, ಒಳಗಿಂದ ಆರು ಕೊಂಡಿ ಟಕಟಕ ಅಂತ ಸರಿಯುತ್ತಿದ್ದವು.

"ನನ್ನ ಹೆಬ್ಬೆಟ್ಟು ಬಿಟ್ರ ಯಾರಿಗೂ ತೆಗ್ಯಂಗಿಲ್ಲ" ಅಂದರು.

ನಾನು ಇನ್ನೊಂದು ಅಂಚು ನೋಡುತ್ತಿದ್ದೆ. "ಆರೂ ಕೊಂಡಿ ಒಂದ ಕಡೀಗೆ ಅದಾವ್ರಿ. ಈ ಕಡೆ ಬಾಗಲ ತಿರುಗೋ ಕೀಲು ಹೊರಗ ಕಾಣಾಕತ್ತಾವು. ಕೀಲಿನ ಮೊಳಿ ಎತ್ತಿದ್ರ ಬಾಗಲ ಈ ಕಡೆಯಿಂದ ಬರ್ತೈತಿ" ಅಂದೆ.

ಅವರು ನಕ್ಕರು. "ಕಂಪನಿಯವರಿಗೆ ತಿಳೀದಿದ್ದು ನಿನಗ ತಿಳೀತೇನವಾ? ನೀ ಗ್ರಿಲ್ ನೋಡು."

"ತೆಗೀಲೇನ್ರಿ?"

"ತೆಗಿ ನೋಡೂಣು. ನಾ ಒಳಗ ಕುಂತು ಚಾ ಕುಡೀತೀನಿ. ಸಾಕಾತಂದ್ರ ಬೆಲ್ ಹೊಡಿ" ಅಂತ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆರೂ ಕೊಂಡಿ ಬಿದ್ದ ಸದ್ದು ಕೇಳಿಸಿತು.

ನಾನು ಸುತ್ತಿಗೆ, ಉಳಿ ತಗೊಂಡು ಮೂರು ಮೊಳೆ ಕೆಳಗಿನಿಂದ ಮೇಲಕ್ಕೆ ಬಡಿದೆ. ಹೊಸ ಬಾಗಿಲಾದ್ದರಿಂದ ಚೆನ್ನಾಗಿ ಎಣ್ಣೆ ಬಿಟ್ಟಿದ್ದರು, ಬೆಣ್ಣೆಯಂತೆ ಬಂದವು. ಸಣ್ಣ ಹಾರೆಯಿಂದ ಒಂದು ಸಲ ಮೀಟಿ, ಬಾಗಿಲನ್ನು ಗೋಡೆಗೆ ಆನಿಸಿ, ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರ ಹೆಂಡತಿ ಆಗಿನ್ನೂ ಚಹಾ ಸೋಸುತ್ತಿದ್ದರು. ನನ್ನನ್ನು ನೋಡಿ "ಇವರಿಗೂ ಒಂದು ಕಪ್ ಹಾಕ್ತೀನಿ ತಡೀರಿ" ಅಂದರು.

ಮಾಲೀಕರು ಸೋಫಾದ ಮೇಲೆ ಕೂತಿದ್ದರು. ನನ್ನನ್ನು ನೋಡಿದರು, ಬಾಗಿಲಿಲ್ಲದ ಬಾಗಿಲನ್ನು ನೋಡಿದರು. ಆಮೇಲೆ ಬಲಗೈ ಎತ್ತಿ ತಮ್ಮ ಹೆಬ್ಬೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಇದು ಇಲ್ಲೇ ಐತಲ್ಲವಾ" ಅಂದರು.

ತಗ್ಗಿಸಿದ ಗೋಡೆ

ಕಂಪ್ಲಿಯಲ್ಲಿ ಒಬ್ಬ ಗಣಿತದ ಮೇಡಂ ಇದ್ದಾರೆ. ಅವರ ಮನೆ ಸುತ್ತ ಆಳೆತ್ತರದ ಕಾಂಪೌಂಡು ಇತ್ತು. ಅವರು ಶಾಲೆಗೆ ಹೋದಾಗ ಹಾಡಹಗಲೇ ಯಾರೋ ಗೋಡೆ ಹಾರಿ ಹಿತ್ತಲ ಬಾಗಿಲು ಮುರಿದು ಗ್ಯಾಸ್ ಸಿಲಿಂಡರ್, ಮಿಕ್ಸಿ ಎರಡನ್ನೂ ಒಯ್ದರು. ಮೇಡಂನ ಅಣ್ಣ ಬಂದು ಗೋಡೆ ಇನ್ನೂ ಮೂರಡಿ ಎತ್ತರಿಸಿ ಮೇಲೆ ಗಾಜು ಚುಚ್ಚಿಸು ಅಂದರು.

ಮೇಡಂ ನನ್ನನ್ನು ಕರೆಸಿ ಕೇಳಿದರು: "ಅವನು ಹಿತ್ತಲದಾಗ ಕುಂತು ಅರ್ಧ ತಾಸು ಬಾಗಲ ಮುರದಾನ. ಯಾಕ ಯಾರೂ ನೋಡ್ಲಿಲ್ಲ?"

"ಗೋಡೆ ಅಡ್ಡ ಇತ್ತಲ್ರಿ."

"ಹಂಗಾರ ಗೋಡೆ ನನಗ ಕಾವಲೋ, ಅವನಿಗೋ?"

ಲೆಕ್ಕದ ಮೇಡಂ ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. ಗೌಂಡಿ ಬಂದು ಗೋಡೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿದ. ಅದರ ಮೇಲೆ ನಾನು ಆರಪಾರ ಕಾಣುವ ಗ್ರಿಲ್ ಕೂಡಿಸಿದೆ. ಹಿತ್ತಲ ಬಾಗಿಲಿಗೆ ಉಕ್ಕಿನ ಪಟ್ಟಿ, ಒಳಗೆ ಅಡ್ಡ ದಂಡ. ಅಣ್ಣ ಮಾತು ಬಿಟ್ಟರು. ಕಳ್ಳತನ ಆದ ಮೇಲೆ ಗೋಡೆ ಇಳಿಸಿದವರು ಯಾರಾದರೂ ಇದ್ದಾರಾ ಅಂತ ಓಣಿ ತುಂಬ ಮಾತಾಯಿತು. ಮೇಡಂ ಮಾತ್ರ ದಿನಾ ಬೆಳಿಗ್ಗೆ ತಲೆ ಎತ್ತಿಕೊಂಡು ಶಾಲೆಗೆ ಹೋದರು.

ಎರಡು ತಿಂಗಳಿಗೆ ಒಬ್ಬ ಗ್ರಿಲ್ ಹಾರಿ ಒಳಗೆ ಇಳಿದ. ಎದುರು ಮನೆಯ ಅಜ್ಜಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು. "ಯಾರ್ ಬೇಕಾಗಿತ್ತಪಾ?" ಅಂದರು. ಅವನು ಹೊಳೆದದ್ದು ಹೇಳಿದ: "ನೀರಿನ ಪೈಪ್ ನೋಡಾಕ ಬಂದೀನ್ರಿ."

ಅವನ ಗ್ರಹಚಾರ, ಆ ಓಣಿಗೆ ಎಂಟು ದಿನದಿಂದ ನೀರು ಬಂದಿರಲಿಲ್ಲ.

ಅಜ್ಜಿ ಮೆಣಸಿನಕಾಯಿ ಮೊರ ಕೆಳಗಿಟ್ಟು ಕೂಗು ಹಾಕಿದರು. ಐದು ನಿಮಿಷದಲ್ಲಿ ಇಡೀ ಓಣಿಯ ಹೆಂಗಸರು ಕೊಡದ ಸಮೇತ ಬಂದರು. ಅವನನ್ನು ಮನೆಯಿಂದ ಮನೆಗೆ ಕರೆದೊಯ್ದು ನಲ್ಲಿ ತೋರಿಸಿದರು. ಒಬ್ಬಾಕೆ ಅವನಿಂದ ವಾಲ್ವ್ ಗುಂಡಿಯ ಕಲ್ಲು ಎತ್ತಿಸಿದಳು. ಇನ್ನೊಬ್ಬಾಕೆ ಗುಂಡಿಗೆ ಇಳಿಸಿದಳು. "ಇವತ್ತು ನೀರು ಬಿಟ್ಟ ಹೋಗ್ಬೇಕು, ಅಲ್ಲೀತನ ಮ್ಯಾಲ ಬರೂದು ಬ್ಯಾಡ" ಅಂತ ಸುತ್ತ ನಿಂತರು. ಅವನು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಏನೇನೋ ತಿರುಗಿಸುತ್ತಿದ್ದ. ಅಷ್ಟರಲ್ಲಿ ನಿಜವಾಗಿ ನೀರು ಬಿಡುವವನು ಸೈಕಲ್ ಮೇಲೆ ಬಂದು, "ಯಾರ್ರಿ ಇವ?" ಅಂದ.

ಗುಂಡಿಯೊಳಗಿದ್ದವನು ಕೈ ಮುಗಿದ. "ಅಣ್ಣ, ನಾ ಕಳ್ಳ ಅದೀನಿ. ದಯವಿಟ್ಟು ಇವರಿಗೆ ಹೇಳು."

ಕೆಂಪು ಧೂಳು

ಇದು ಸಣ್ಣದು. ಸಂಡೂರಿನಲ್ಲಿ ಅದಿರಿನ ಲಾರಿಗಳು ಓಡಾಡುವ ರಸ್ತೆಗೆ ಹತ್ತಿ ಒಬ್ಬ ಗುತ್ತಿಗೆದಾರರ ಮನೆ. ಗೇಟಿಗೆ ಕ್ಯಾಮೆರಾ ಹಾಕಿಕೊಟ್ಟೆ. ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ ಅಂತ ಹೇಳಿ ಬಂದೆ. ಅಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗಿರುತ್ತದೆ.

ಆರು ತಿಂಗಳ ಮೇಲೆ ಫೋನ್ ಬಂತು. ಕ್ಯಾಮೆರಾವನ್ನೇ ಯಾರೋ ಕದ್ದೊಯ್ದಿದ್ದರು. ಹೋಗಿ ಮನೆಯೊಳಗಿನ ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿ ಉಳಿದಿದ್ದ ಚಿತ್ರ ಹಾಕಿದೆ. ಮನೆಯವರೆಲ್ಲ ಟಿವಿ ಮುಂದೆ ಕೂತರು. ಪರದೆ ತುಂಬ ಬರೀ ಕೆಂಪು. ಆರು ತಿಂಗಳಲ್ಲಿ ಒಬ್ಬರೂ ಒರೆಸಿರಲಿಲ್ಲ. ಕೊನೆಯ ನಿಮಿಷದಲ್ಲಿ ಒಂದು ಟವೆಲ್ ಬಂತು. ಕ್ಯಾಮೆರಾ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡಲು ಕಳ್ಳ ಅದನ್ನು ನಿಧಾನವಾಗಿ, ಮೂಲೆ ಮೂಲೆಯೂ ಬಿಡದೆ ಒರೆಸಿದ. ಆಮೇಲೆ ಹತ್ತಿರ ಮುಖ ತಂದು ಉಫ್ ಅಂತ ಊದಿದ. ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಎರಡು ದಿನದಲ್ಲಿ ಸಿಕ್ಕಿಬಿದ್ದ.

ಗುತ್ತಿಗೆದಾರರು ಪರದೆಯನ್ನೂ ಮನೆಯವರನ್ನೂ ಒಂದು ಸುತ್ತು ನೋಡಿದರು. "ಈ ಮನ್ಯಾಗ ಕೆಲಸ ಮಾಡಾವ ಅಂದ್ರ ಇವ ಒಬ್ಬನ" ಅಂದರು.

ಮಂಗನ ಅಗುಳಿ

ಹಂಪಿಯ ಹತ್ತಿರ ಹೋಂಸ್ಟೇ ನಡೆಸುವ ಒಬ್ಬರಿಗೆ ಕಳ್ಳರ ಕಾಟ ಇರಲಿಲ್ಲ, ಕೋತಿಗಳದಿತ್ತು. ಒಂದು ದೊಡ್ಡ ಗಡವ ಕೋತಿ ಚಿಲಕ ಸರಿಸಿ ಕೋಣೆಗೆ ಹೊಕ್ಕು ಬಾಳೆಹಣ್ಣು, ಬಿಸ್ಕೀಟು, ಒಮ್ಮೆ ಒಬ್ಬರ ಕನ್ನಡಕವನ್ನೂ ಒಯ್ದಿತ್ತು. "ಮಂಗಗೆ ಹೆದರಿ ಹೋಂಸ್ಟೇ ಮುಚ್ಚಂಗಿಲ್ಲ. ಅದಕ್ಕ ಬರಲಾರದಂಥ ಅಗುಳಿ ಮಾಡಿಕೊಡು" ಅಂದರು.

ನಾನೂ ಹಟಕ್ಕೆ ಬಿದ್ದೆ. ಒತ್ತಬೇಕು, ಎಡಕ್ಕೆ ತಿರುಗಿಸಬೇಕು, ಆಮೇಲೆ ಮೇಲಕ್ಕೆ ಎತ್ತಬೇಕು, ಅಂಥದ್ದೊಂದು ಮಾಡಿ ಐದೂ ಕೋಣೆಗೆ ಹಾಕಿದೆ. ಗಡವ ಬಂದು ಎಳೆದು, ಕಚ್ಚಿ, ಕೈ ಸೋತು ಎದುರಿನ ಬೇವಿನ ಮರದ ಮೇಲೆ ಹೋಗಿ ಕೂತಿತು. ಮಾಲೀಕರು ನನಗೆ ಎರಡು ಸಲ ಊಟಕ್ಕೆ ಬಡಿಸಿದರು.

ತೊಂದರೆ ಏನಾಯಿತೆಂದರೆ ಅತಿಥಿಗಳಿಗೂ ತೆಗೆಯಲು ಬರಲಿಲ್ಲ. ಬಂದ ಬಂದವರಿಗೆಲ್ಲ ಮಾಲೀಕರು ಬಾಗಿಲ ಮುಂದೆ ನಿಂತು ಒತ್ತಿ, ತಿರುಗಿಸಿ, ಎತ್ತಿ ತೋರಿಸಬೇಕು. ದಿನಕ್ಕೆ ಹತ್ತು ಸಲ ತೋರಿಸಿದರು. ಬೇವಿನ ಮರದಿಂದ ಗಡವ ಅದನ್ನೆಲ್ಲ ನೋಡುತ್ತಿತ್ತು.

ನಾಲ್ಕನೇ ದಿನ ಪುಣೆಯಿಂದ ಬಂದ ಗಂಡ ಹೆಂಡತಿ ಇಬ್ಬರೂ ಸಲೀಸಾಗಿ ಬಾಗಿಲು ತೆಗೆದು ಓಡಾಡುತ್ತಿದ್ದರು. ಮಾಲೀಕರಿಗೆ ಖುಷಿಯಾಯಿತು. "ನಾನು ತೋರಿಸಿದ್ದು ಒಂದ ಸಲಕ್ಕ ತಿಳೀತೇನ್ರಿ?" ಅಂತ ಕೇಳಿದರು.

"ನೀವು ತೋರಿಸಿದ್ದು ತಿಳೀಲಿಲ್ಲ" ಅಂದರು ಆಕೆ. "ಬೆಳಿಗ್ಗೆ ಆ ಕೋತಿ ನಿಧಾನವಾಗಿ ತೆಗೀತು. ಅದನ್ನು ನೋಡಿ ಕಲಿತೆವು."

ಇದ್ದಾಗ ಹೆಂಗ ಹೋಗ್ಲಿ

ನಮ್ಮ ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ ಒಮ್ಮೆ ಶಾಪಿಗೆ ಬಂದಳು. ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು, ಕೆಳಗೆ ಮಾಲೀಕರ ಸಂಸಾರ. ಅವಳು ಡ್ಯೂಟಿಗೆ ಹೋದಾಗ ಯಾರೋ ಮನೆಯೊಳಗೆ ಬಂದು ಹೋಗುತ್ತಿದ್ದರು. ಏನೂ ಕಳುವಾಗುತ್ತಿರಲಿಲ್ಲ. ಹಾಕಿದ್ದ ಕಿಟಕಿ ತೆರೆದಿರುತ್ತಿತ್ತು, ಕಪಾಟಿನ ಬಟ್ಟೆ ಸರಿದಿರುತ್ತಿತ್ತು, ಅಷ್ಟೆ. ಗೆಳತಿಯರು ಮನೆ ಬದಲಿಸು ಅಂದಿದ್ದರಂತೆ.

"ನಾನ್ಯಾಕ ಬದಲಿಸ್ಲಿ ಅಕ್ಕಾ? ತಪ್ಪು ಮಾಡಾಕತ್ತಿದ್ದು ನಾನೇನ?" ಅಂದಳು.

ಆ ಮಾತು ನನಗೆ ಹಿಡಿಸಿತು. ಮೊದಲು ಹೊಸ್ತಿಲ ಒಳಗೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ ಡ್ಯೂಟಿಗೆ ಹೋಗು ಅಂದೆ. ಮರುದಿನ ಫೋಟೋ ತಂದಳು. ಬರಿಗಾಲಿನ ದೊಡ್ಡ ಹೆಜ್ಜೆ, ಬಲಗಾಲಿಗೆ ಹೆಬ್ಬೆರಳೇ ಇಲ್ಲ. ಮಿಲ್ಲಿನ ಬೆಲ್ಟಿಗೆ ಬಲಗಾಲ ಹೆಬ್ಬೆರಳು ಕೊಟ್ಟಿದ್ದು ಆ ಓಣಿಯಲ್ಲಿ ಒಬ್ಬರೇ, ಮನೆ ಮಾಲೀಕರು. ಅವರ ಹತ್ತಿರ ಇನ್ನೊಂದು ಕೀಲಿ ಇತ್ತು.

"ಚಪ್ಪಲಿ ಬಿಟ್ಟು ಬಂದಾರ ನೋಡಕ್ಕಾ, ಮರ್ಯಾದಸ್ತರು" ಅಂದಳು. ಆಗ ಅವಳಿಗೂ ನಗು ಬಂತು.

ಅದೇ ದಿನ ಹೋಗಿ ಬೀಗದ ಒಳಗೆ ಕೀಲಿ ತಿರುಗುವ ಗುಂಡು ಬದಲಿಸಿದೆ. ಚೌಕಟ್ಟಿಗೆ ಉಕ್ಕಿನ ಪಟ್ಟಿ ಬಿಗಿದೆ, ಒಳಗೆ ದಪ್ಪ ಅಗುಳಿ, ಸರಪಳಿ ಹಾಕಿದೆ. ಹಳೇ ಕೀಲಿಯಿಂದ ಇನ್ನು ಕಿವಿ ಕೆರೆದುಕೊಳ್ಳಬೇಕು, ಅಷ್ಟೆ.

ವಾರದೊಳಗೆ ಪೊಲೀಸ್ ಸ್ಟೇಷನ್ನಿಂದ ನನಗೆ ಕರೆ ಬಂತು. ಹೋಗಿ ನೋಡಿದರೆ ಮಾಲೀಕರು ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ದೂರು ಕೊಡಲು ಬಂದಿದ್ದರು. ಹುಡುಗಿ ಗೋಡೆ ಬದಿಗೆ ನಿಂತಿದ್ದಳು. ಹೆಡ್ ಕಾನ್ಸ್‌ಟೇಬಲ್ ಪೆನ್ನು ಹಿಡಿದು ನನ್ನನ್ನು ಕೇಳಿದರು, "ಬೀಗ ಬದಲಿ ಮಾಡಿದ್ದು ನೀನೇನ?"

"ಹೌದ್ರಿ, ನಾನ. ತೆಗೆಸಿದ್ರ ಮತ್ತ ಹಾಕ್ತೀನಿ" ಅಂದೆ.

"ನೋಡ್ರಿ ಸಾಹೇಬ್ರ ಹೆಂಗ ಮಾತಾಡ್ತಾಳ" ಅಂದರು ಮಾಲೀಕರು. "ನನ್ನ ಮನಿ, ನನಗ ಹೇಳಲಾರದ ಬೀಗ ಬದಲಿ ಮಾಡ್ಯಾರ."

"ನಿಮಗ ಹೆಂಗ ಗೊತ್ತಾತು?" ಅಂತ ಹೆಡ್ ಕೇಳಿದರು.

"ಕೀಲಿ ಹತ್ತಲಿಲ್ರಿ. ಸೋಮವಾರ ಹೋದೆ, ಹತ್ತಲಿಲ್ಲ. ಮಂಗಳವಾರ ಹೋದೆ, ಹತ್ತಲಿಲ್ಲ. ಬುಧವಾರ ಎಣ್ಣಿ ಬಿಟ್ಟು ನೋಡಿದೆ."

ಹೆಡ್ ಒಂದೊಂದೇ ದಿನ ಬರೆದುಕೊಂಡರು. "ಈ ಹುಡುಗಿ ಮನ್ಯಾಗ ಇದ್ದಾಗ ಹೋಗಿದ್ರೇನು, ಇಲ್ದಾಗ?"

ಮಾಲೀಕರಿಗೆ ಆ ಪ್ರಶ್ನೆಯಿಂದ ಬೇಜಾರಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತರು. "ಇದ್ದಾಗ ಹೆಂಗ ಹೋಗ್ಲಿ ಸಾಹೇಬ್ರ? ಹೆಣ್ಣುಮಗಳು ಒಬ್ಬಾಕೀನ ಇರ್ತಾಳ, ತಪ್ಪಾಗ್ತೈತಲ್ಲ. ಆಕಿ ಡ್ಯೂಟಿಗೆ ಹೋಗಿದ್ದು ನೋಡ್ಕೊಂಡ ಹೋಗ್ತೀನಿ. ಒಂದು ವರ್ಷ ಆತು, ಒಂದ ಸಲಾನೂ ತಪ್ಪಿಲ್ಲ."

ಹೆಡ್ ಅದನ್ನೂ ಅಕ್ಷರ ಬಿಡದೆ ಬರೆದು, ಗಟ್ಟಿಯಾಗಿ ಓದಿ ಹೇಳಿದರು. "ಸರಿ ಐತೇನ್ರಿ?"

"ಬರೋಬ್ಬರಿ ಐತ್ರಿ" ಅಂತ ಮಾಲೀಕರು ತಾವೇ ಪೆನ್ನು ಇಸಿದುಕೊಂಡು ಸಹಿ ಹಾಕಿದರು. ಇಂಕು ಒಣಗುವ ಹೊತ್ತಿಗೆ ಅವರ ಮುಖದ ಬಣ್ಣ ಇಳಿಯತೊಡಗಿತು. ದೂರು ಕೊಡಲು ಬಂದವರ ಮೇಲೆಯೇ ಹುಡುಗಿಯ ದೂರು ದಾಖಲಾಯಿತು. ಅವಳು ಮನೆ ಬದಲಿಸಲಿಲ್ಲ. ಈಗಲೂ ಅದೇ ಮಹಡಿಯಲ್ಲಿದ್ದಾಳೆ.

ನಾಲ್ಕು ದಿನದ ಮೇಲೆ ಆ ಮಾಲೀಕರ ಹೆಂಡತಿ ನನ್ನ ಶಾಪಿಗೆ ಬಂದರು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡು ನಾನು ಸುತ್ತಿಗೆ ಕೆಳಗಿಡದೆ ನಿಂತೆ. ಅವರು ಸೆರಗಿನಿಂದ ಬೆವರು ಒರೆಸಿಕೊಂಡು, ಮೇಲಿನ ಮನೆಗೆ ಹಾಕಿದಂಥದೇ ಅಗುಳಿ ನಮ್ಮ ಕೋಣೆಗೂ ಒಂದು ಬೇಕು ಅಂದರು.

"ಹಾಕ್ತೀನ್ರಿ. ಒಳಗಿಂದ ಹಾಕೂ ಹಂಗ ಕೂಡಸ್ಲಾ?"

"ಬ್ಯಾಡ, ಹೊರಗಿಂದ" ಅಂದರು. "ಒಳಗ ಇರಾವ್ರು ಅವರು."

ಮನುಷ್ಯರನ್ನು ಕೂಡಿಹಾಕುವ ಕೆಲಸ ನಾನು ಮಾಡುವುದಿಲ್ಲ ಅಂತ ಖಡಾಖಂಡಿತ ಹೇಳಿದೆ. ಅವರು ಹೇಳಿದ ಅಳತೆ ಮಾತ್ರ ಬರೆದಿಟ್ಟುಕೊಂಡೆ.