ಮಾನ್ವಿಯಲ್ಲಿ ಉಳಿದ ರೊಟ್ಟಿ ಹಂಚು

ನಮ್ಮ ಕಾಕಾನಷ್ಟು ಪೇಟೆ ಸುತ್ತಿದ ಮನುಷ್ಯ ರಾಯಚೂರಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಅವನಷ್ಟು ಸಲ ಬರಿಗೈಯಲ್ಲಿ ಮನೆಗೆ ಬಂದವನಂತೂ ಇಲ್ಲವೇ ಇಲ್ಲ! ತಿಂಗಳಿಗೊಂದು ಭಾನುವಾರ ತನ್ನ ಹೆಂಡತಿ, ನಮ್ಮ ಕಾಕುವನ್ನೂ ನನ್ನನ್ನೂ ತನ್ನ ಮುದಿ ಕಾರಿಗೆ ತುಂಬಿಕೊಂಡು ಮಾನ್ವಿ, ದೇವದುರ್ಗ ಎಂದು ಹೊರಡುತ್ತಿದ್ದ. ನೋಡಲು ಅಲ್ಲೇನು ಅರಮನೆಯಿದೆಯೇ? ಅವನಿಗೆ ಅಂಗಡಿಗಳೇ ಸಾಕು. ಹಗ್ಗದ ಅಂಗಡಿ, ಕಂಬಳಿ ಅಂಗಡಿ, ಗಡಿಗೆ ಅಂಗಡಿ, ಎಲ್ಲ ಕಡೆ ಹೊಕ್ಕು, ಮುಟ್ಟಿ, ಮೂಸಿ, ಒಂದನ್ನು ಆರಿಸಿ, ಕಡೆಗೆ ಅದೇ ಮಾತು: "ಇದನ್ನ ತಗದಿಡ್ರಿ. ಬರೋವಾಗ ಒಯ್ತೀನಿ."

ಒಯ್ಯುವುದೆಲ್ಲಿ ಬಂತು? ಹೋದ ದಾರಿಯಲ್ಲಿ ಮರಳಿ ಬರುವ ಅಭ್ಯಾಸವೇ ಅವನಿಗಿರಲಿಲ್ಲ. ಮಾನ್ವಿಗೆ ಹೋದರೆ ಅಲ್ಲಿಂದ ದೇವದುರ್ಗ, ದೇವದುರ್ಗದಿಂದ ನೆಟ್ಟಗೆ ಮನೆ.

ಒಮ್ಮೆ ಕಾಕುವಿಗೆ ರೊಟ್ಟಿ ಹಂಚು ಬೇಕಾಯಿತು. ಮಾನ್ವಿಯ ಕಬ್ಬಿಣದ ಅಂಗಡಿಯಲ್ಲಿ ಕಾಕಾ ಒಂದೊಂದೇ ಹಂಚನ್ನು ಬೆರಳ ಗಂಟಿನಿಂದ ಬಾರಿಸಿ, ಕಿವಿಗೊಟ್ಟು ಕೇಳತೊಡಗಿದ. ಅಂಗಡಿಯ ಸಾಹೇಬರಿಗೆ ಸಾಕಾಯಿತು.

"ಹಂಚು ತಗೋತೀರೇನ್ರೀ, ತಬಲಾ?"

ಹನ್ನೆರಡನೆಯದು ಅವನ ಕಿವಿಗೆ ಒಪ್ಪಿತು. ರೊಕ್ಕ ಕೊಟ್ಟು, ಅದರ ಮೇಲೆ ಸುಣ್ಣದಲ್ಲಿ ತನ್ನ ಹೆಸರು ಬರೆದು, ತೆಗೆದಿಡಿಸಿದ. ದೇವದುರ್ಗದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದು ಮನೆ ಮುಟ್ಟಿದ ಮೇಲೆ ಕಾಕು ಕೇಳಿದಳು:

"ಹಂಚೆಲ್ಲಿರೀ?"

"ಮಾನ್ವ್ಯಾಗ ಅದ. ಆರಾಮ ಅದ."

"ಮತ್ತ ನಾ ರೊಟ್ಟಿ ನಿಮ್ಮ ತಲಿ ಮ್ಯಾಲ ಸುಡ್ಲೇನು?"

"ಎಲ್ಲಾ ಒಮ್ಮೆಲೇ ತಂದುಬಿಟ್ರ ಮುಂದಿನ ಸಲ ಏನು ನೆವ ಹೇಳಿ ನಿನ್ನ ಹೊರಡಸ್ಲಿ?"

ಹಳೆಯ ಸೊಟ್ಟ ಹಂಚಿನ ಅರೆಸುಟ್ಟ ರೊಟ್ಟಿಯನ್ನು ಕಾಕಾ ತುಟಿ ಪಿಟಕ್ಕೆನ್ನದೆ ತಿಂದ. ಆಮೇಲೆ ಮಾನ್ವಿಗೆ ಹೋದಾಗಲೆಲ್ಲ ಹಂಚನ್ನು ಹೊರಗೆ ತೆಗೆಸಿ, ಒಮ್ಮೆ ಬಾರಿಸಿ, ಮತ್ತೆ ಒಳಗಿಡಿಸುತ್ತಿದ್ದ. ಹಾಸ್ಟೆಲಿನಲ್ಲಿಟ್ಟ ಮಗನನ್ನು ನೋಡಿ ಬರುವವರ ಹಾಗೆ. ಕಾಕು ಬೈಯುತ್ತಲೇ ಹೋಗುತ್ತಿದ್ದಳು. ಆದರೆ ಭಾನುವಾರ ಎಲ್ಲರಿಗಿಂತ ಮೊದಲು ಸೀರೆಯುಟ್ಟು ಕೂರುತ್ತಿದ್ದವಳೂ ಅವಳೇ.

ಹೋದ ವರ್ಷ ಕಾಕಾ ತೀರಿಕೊಂಡ. ಕಾರು ಅಂಗಳದಲ್ಲೇ ನಿಂತಿತು. ಭಾನುವಾರಗಳು ಇಷ್ಟು ಉದ್ದ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮೊನ್ನೆ ಕಾಕುವೇ ಬಂದು ಅಂದಳು: "ನಡಿಯವ್ವಾ, ಆ ಹಂಚು ತಂದುಬಿಡೂಣು. ಎಷ್ಟು ದಿನಾಂತ ಅಲ್ಲೇ ಬಿಡೂದು?"

ಕಾರು ನಾನೇ ನಡೆಸಿದೆ. ಸಾಹೇಬರು ಕಾಕುವಿನ ಬರಿದಾದ ಹಣೆ ನೋಡಿ ಎದ್ದರು. ಒಳಗಿನಿಂದ ಗೋಣಿ ಸುತ್ತಿದ ಹಂಚು ತಂದಿಟ್ಟರು.

"ಇಟ್ಟದ್ದು ಇಟ್ಟಂಗ ಅದ ನೋಡ್ರೀ ಯವ್ವಾ. ಎಷ್ಟೋ ಮಂದಿ ಕೇಳಿದ್ರು, ಕೊಟ್ಟಿಲ್ಲ."

ಸುಣ್ಣದ ಹೆಸರು ಅರ್ಧ ಮಾಸಿತ್ತು. ಕಾಕು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಬೆರಳ ಗಂಟಿನಿಂದ ಒಮ್ಮೆ ಬಾರಿಸಿ, ಕಿವಿಗೊಟ್ಟಳು. ನಾನು ಕಣ್ಣೊರೆಸಿಕೊಂಡು ಚೀಲದ ಬಾಯಿ ಬಿಡಿಸಿ ಹಿಡಿದೆ.

ಅವಳು ಹಂಚನ್ನು ಸಾಹೇಬರ ಕೈಗೇ ಮರಳಿ ಕೊಟ್ಟಳು.

"ತಗದಿಡ್ರಿ," ಅಂದಳು. "ಬರೋವಾಗ ಒಯ್ತೀವಿ."