ನಾನು ಬದುಕಿ ಉಳಿದದ್ದು ಕಲಾದೋಷವೆಂದು ತೀರ್ಪಿತ್ತ ವಿಮರ್ಶಕ ಮಹಾಶಯರಿಗೆ

ಮಾನ್ಯ ಶ್ರೀ ಲೆಲಂಡ್ ಪಾರ್ಮೆಂಟರ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಸುಪೀರಿಯರ್ ಸರೋವರದ ದಕ್ಷಿಣ ದಡದಲ್ಲಿ, ಭೂಪಟದವರು ಹೆಸರು ಬರೆಯಲು ಜಾಗ ಸಾಲದೆ ಬಿಟ್ಟುಬಿಟ್ಟಿರುವ ಕಾಲಿಯೊ ಹಾರ್ಬರ್ ಎಂಬ ಊರಿನಿಂದ, ತಮ್ಮ ಪತ್ರಿಕೆಯ ಭಾನುವಾರದ ಪುಸ್ತಕ ಪುಟದ ಪ್ರಕಾರ ಈಗಾಗಲೇ ತೀರಿಕೊಂಡಿರುವ ಐಲಿ ಕೊಸ್ಕೆಲಾ ಎಂಬ ಮುದುಕಿ ಮಾಡುವ ಸವಿನಯ ವಂದನೆಗಳು. ಸತ್ತವರ ವಂದನೆ ಸ್ವೀಕರಿಸುವ ರೂಢಿ ತಮಗೆ ಇದೆಯೋ ಇಲ್ಲವೋ ನಾನರಿಯೆ. ತಾವು ಮನಸಾರೆ ಹೊಗಳುವುದು ಸತ್ತ ಲೇಖಕರನ್ನು ಮಾತ್ರವಾದ್ದರಿಂದ, ಇದ್ದೇ ಇರುತ್ತದೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಅಣ್ಣನ ಮಗಳು ಕೈಸಾ ಬರೆದಿರುವ ‘ಸರೋವರದ ಈಚೆ ದಡ’ ಎಂಬ ಆತ್ಮಕಥನದಲ್ಲಿ ಬರುವ ಸೋದರತ್ತೆ ನಾನೇ. ಅವಳಿಗೆ ಆರು ವರ್ಷವಾಗಿದ್ದಾಗ ಅಣ್ಣ ತೀರಿಕೊಂಡ, ಅದೇ ಚಳಿಗಾಲದಲ್ಲಿ ಅತ್ತಿಗೆ ಒಂದು ಸೂಟ್‌ಕೇಸ್ ಹಿಡಿದು ಬಸ್ಸು ಹತ್ತಿದಳು, ಹುಡುಗಿ ನನ್ನ ಪಾಲಿಗೆ ಬಂದಳು. ನಾನಾಗ ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದೆ. ಬೆಳಗಿನ ಜಾವ ಕರೆ ಬಂದರೆ, ನೈಟಿಯ ಮೇಲೊಂದು ಕೋಟು ಹಾಕಿಕೊಂಡು, ನಿದ್ದೆಗಣ್ಣಿನ ಹುಡುಗಿಯನ್ನು ಪಕ್ಕದ ಸೀಟಿಗೆ ಬಿಗಿದು, ಅವಳ ಕೈಗೆ ಏಲಕ್ಕಿ ಬ್ರೆಡ್ಡಿನ ತುಂಡು ಕೊಟ್ಟು ಹೊರಡುತ್ತಿದ್ದೆ, ಏಕೆಂದರೆ ಅವಳನ್ನು ಬಿಟ್ಟು ಹೋಗಲು ಮನೆಯಲ್ಲಿ ಬೇರೆ ಜನವಿರಲಿಲ್ಲ. ತಾವು ಈ ಭಾಗವನ್ನು ಓದಿ, ‘ಅತ್ತೆಯ ಪಾತ್ರ ಮುದ ನೀಡುತ್ತದೆಯಾದರೂ ನಂಬಲರ್ಹವಾಗಿಲ್ಲ’ ಎಂದು ಅಪ್ಪಣೆ ಕೊಡಿಸಿದ್ದೀರಿ. ನಮ್ಮೂರಿನವರು ಸಾಹಿತ್ಯದ ತರಬೇತಿಯಿಲ್ಲದ ಮಂದಿಯಾದ್ದರಿಂದ ಇಷ್ಟು ವರ್ಷವೂ ನನ್ನನ್ನು ನಂಬಿ, ನಾನು ತಳ್ಳಿದ ರಸ್ತೆಯಲ್ಲೇ ಆಸ್ಪತ್ರೆಗೂ ಚರ್ಚಿಗೂ ಹೋಗಿಬರುತ್ತಿದ್ದರು. ಅವರ ತಿಳಿಗೇಡಿತನವನ್ನು ತಾವು ದೊಡ್ಡ ಮನಸ್ಸಿನಿಂದ ಮನ್ನಿಸಬೇಕು. ಕೋಟು ತೆಗೆದರೆ ನಂಬಿಕೆ ಹುಟ್ಟುವುದೋ, ಲಾರಿ ತೆಗೆದರೆ ಹುಟ್ಟುವುದೋ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿದರೆ, ಕಳೆದುಹೋದ ಆಯುಷ್ಯವನ್ನು ಅದಕ್ಕೆ ತಕ್ಕ ಹಾಗೆ ತಿದ್ದಿಕೊಳ್ಳಲು ಪ್ರಯತ್ನಿಸುತ್ತೇನೆ.

ತಮ್ಮ ತಕ್ಕಡಿ ಎಷ್ಟು ನಿಷ್ಪಕ್ಷಪಾತಿ ಎಂಬುದೂ ನನಗೆ ಗೊತ್ತು. ಅದೇ ಭಾನುವಾರ ತಾವು ದೀಪಸ್ತಂಭಗಳ ಇತಿಹಾಸವೊಂದನ್ನು ಕೈಗೆತ್ತಿಕೊಂಡು ಅದರಲ್ಲಿ ಕಥೆಯ ಬಿಗಿ ಸಾಲದೆಂದಿರಿ. ಅದರ ಕೆಳಗೇ ಒಂದು ಕಾದಂಬರಿಯನ್ನು ಹಿಡಿದು ಅದರಲ್ಲಿ ಇತಿಹಾಸದ ಖಚಿತತೆ ಸಾಲದೆಂದಿರಿ. ಪಾಪ, ಸೂಪು ಮಾಡುವ ಬಗೆಯ ಪುಸ್ತಕ ಬರೆದ ಹೆಂಗಸೊಬ್ಬಳಲ್ಲೂ ‘ಜೀವನದ ಕಹಿಯನ್ನು ಎದುರಿಸುವ ಧೈರ್ಯ ಕಾಣಲಿಲ್ಲ’ ಎಂದು ಮರುಗಿದಿರಿ. ಕಟ್ಟುಕಥೆಯಲ್ಲಿ ನಿಜ ಕಡಿಮೆ, ನಿಜದಲ್ಲಿ ಕಟ್ಟುಕಥೆ ಕಡಿಮೆ, ಸೂಪಿನಲ್ಲಿ ಕಹಿ ಕಡಿಮೆ ಎಂದು ಒಂದೇ ಪುಟದಲ್ಲಿ ಕಂಡುಹಿಡಿಯುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಹೆಗ್ಗಣವನ್ನು ಆನೆಯಂತಿಲ್ಲವೆಂದೂ ಆನೆಯನ್ನು ಹೆಗ್ಗಣದಂತಿಲ್ಲವೆಂದೂ ಬೈಯುವ ಅಧಿಕಾರ ಎಲ್ಲರಿಗೂ ದಕ್ಕುವುದಿಲ್ಲ.

ಈಗ ನನ್ನ ಸಾವಿನ ವಿಚಾರಕ್ಕೆ ಬರುತ್ತೇನೆ. ಕೈಸಾ ಪುಸ್ತಕ ಮುಗಿಸುವ ಹೊತ್ತಿಗೆ ನಾನು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದೆ. ಡಾಕ್ಟರು ಅವಳನ್ನು ಹೊರಗೆ ಕರೆದು, ಬಂಧುಬಳಗಕ್ಕೆ ಹೇಳಿಬಿಡಿ ಎಂದಿದ್ದರು. ಅವಳು ಹಾಸಿಗೆಯ ಪಕ್ಕದಲ್ಲೇ ಕುಳಿತು ನಾನು ಸಾಯುವ ಅಧ್ಯಾಯವನ್ನು ಬರೆದಳು, ಪ್ರಕಾಶಕರ ಗಡುವು ಬಂದಿದ್ದರಿಂದ ಕಳಿಸಿಯೂ ಬಿಟ್ಟಳು. ನಾನು ಡಾಕ್ಟರರ ಮಾತಿಗೆ ಬೆಲೆ ಕೊಡದೆ ಎದ್ದು ಕುಳಿತು ಕಾಫಿ ಕೇಳಿದೆ. ಕೈಸಾ ಅಳುತ್ತ ನಗುತ್ತ ಫೋನ್ ಮಾಡಿ, ‘ಅತ್ತೆ ಬದುಕಿಬಿಟ್ರು’ ಎಂದಾಗ ಪ್ರಕಾಶನದ ಸಂಪಾದಕಿ, ‘ಓ... ತುಂಬಾ ಸಂತೋಷ. ಪೂರ್ತಿ ಬದುಕಿದ್ರಾ?’ ಎಂದರಂತೆ.

ಅಷ್ಟರಲ್ಲಿ ವಿಮರ್ಶಕರಿಗೆಂದು ಮುಂಚಿತವಾಗಿ ಹಂಚುವ ಕರಡು ಪ್ರತಿ ತಮ್ಮ ಮೇಜು ಸೇರಿತ್ತು. ‘ಇದು ತಿದ್ದದ ಪ್ರತಿ, ಅಚ್ಚಾದ ಪುಸ್ತಕದೊಂದಿಗೆ ಹೋಲಿಸಿ ನೋಡದೆ ಇದರಿಂದ ಏನನ್ನೂ ಎತ್ತಿ ಬರೆಯಬಾರದು’ ಎಂದು ಅದರ ಮುಖದ ಮೇಲೇ ದಪ್ಪಕ್ಷರದಲ್ಲಿ ಬರೆದಿತ್ತು. ಮುಖಪುಟ ನೋಡಿ ಪುಸ್ತಕವನ್ನು ಅಳೆಯಬಾರದೆಂಬ ತತ್ವಕ್ಕೆ ಕಟ್ಟುಬಿದ್ದ ತಾವು ಮುಖಪುಟವನ್ನು ಓದಲೇ ಇಲ್ಲ. ಅತ್ತೆಯ ಸಾವೇ ಇಡೀ ಪುಸ್ತಕದ ಏಕೈಕ ಪ್ರಾಮಾಣಿಕ ಅಧ್ಯಾಯ, ಮಂಡಿಯೂರಿ ಓದಬೇಕಾದ ಪುಟಗಳು ಎಂದು ಕೊಂಡಾಡಿದಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ನೋಡಿದ್ದೇವೆ. ಜೀವ ಹೋಗುವ ಮುನ್ನವೇ ಸಾವಿನ ಮನೆಯ ಊಟಕ್ಕೆ ಶಭಾಷ್ ಹೇಳಿದವರು ತಾವೇ ಮೊದಲಿಗರು.

ಕೈಸಾ ಕೊನೆಯನ್ನು ತಿದ್ದಿ ಬರೆದ ಪುಸ್ತಕ ಅಂಗಡಿಗೆ ಬಂತು, ಅದರಲ್ಲಿ ನಾನು ಸಾಯಲಿಲ್ಲ, ಆಸ್ಪತ್ರೆಯ ಕಾಫಿಯನ್ನು ಬೈದುಕೊಂಡು ಮನೆಗೆ ಬಂದೆ. ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಂಡು ಎರಡು ಸಾಲಿನ ತಿದ್ದುಪಡಿ ಹಾಕಿ ಸುಮ್ಮನಾಗುತ್ತಿದ್ದರು. ತಾವು ಹಾಗಲ್ಲ. ಇನ್ನೊಂದು ಪೂರ್ತಿ ಲೇಖನವನ್ನೇ ಬರೆದು, ಲೇಖಕಿ ಕೊನೆಗಳಿಗೆಯಲ್ಲಿ ಅಂಜಿ ಅಗ್ಗದ ಸುಖಾಂತ್ಯಕ್ಕೆ ಶರಣಾಗಿದ್ದಾರೆ, ಅತ್ತೆ ಬದುಕಿ ಉಳಿಯುವುದು ಕಲೆಯ ದೃಷ್ಟಿಯಿಂದ ಅಕ್ಷಮ್ಯ ದೋಷ ಎಂದು ಸಾರಿದಿರಿ. ಅದನ್ನು ಓದಿದ ದಿನ ನಾನು ಕೆಮ್ಮುವುದಕ್ಕೂ ಸಂಕೋಚಪಟ್ಟೆ. ಶ್ವಾಸಕೋಶದ ಔಷಧಿ ನುಂಗುವಾಗಲೆಲ್ಲ ಸಾಹಿತ್ಯಕ್ಕೆ ದ್ರೋಹ ಬಗೆಯುತ್ತಿದ್ದೇನೆ ಎಂದು ಮನಸ್ಸು ಚುಚ್ಚುತ್ತದೆ.

ನಮ್ಮೂರಿನಿಂದ ಅರಿಜೋನಾ ಕಡೆಗೆ ಬಿಸಿಲು ಹುಡುಕಿಕೊಂಡು ಹೋದವರು ಪುಸ್ತಕ ಓದುವವರಲ್ಲ, ವಿಮರ್ಶೆ ಮಾತ್ರ ಓದುವವರು. ಅವರಿಂದ ಸಂತಾಪದ ಕಾರ್ಡುಗಳು ಬರತೊಡಗಿದವು. ನನ್ನ ಪಕ್ಕದ ಮನೆಯ ಎಲ್ವಿ ಮತ್ತಿಲಾ, ಚರ್ಚಿನ ಹೆಂಗಸರ ಬಳಗದ ಮುಖ್ಯಸ್ಥೆ, ಊರಿನ ಪ್ರತಿಯೊಂದು ಸಾವಿಗೂ ಹಂದಿಮಾಂಸದ ಸ್ಯಾಂಡ್‌ವಿಚ್ ಮಾಡಿಸುವವಳು, ಒಂದು ತಟ್ಟೆ ಹಿಡಿದು ಒಳಗೆ ಬಂದಳು.

‘ತಗೊಳ್ಳೇ, ನಿನ್ನ ಸಾವಿನ ಊಟ. ಎಲ್ಲಾರಿಗೂ ಮಾಡಿಕೊಟ್ಟೆ, ತಿಂದು ಹೇಗಿದೆ ಅಂತ ಹೇಳಿದ ಹೆಣ ಒಂದೂ ಇಲ್ಲ.’

‘ಉಪ್ಪು ಜಾಸ್ತಿ ಆಗಿದೆ’ ಎಂದೆ.

‘ಸತ್ರೂ ಕೊಂಕು ಬಿಡಲ್ಲ ನೋಡು. ಆ ಕಾರ್ಡೆಲ್ಲ ಜೋಪಾನವಾಗಿ ಇಟ್ಕೊ, ನಿಜವಾಗ್ಲೂ ಹೋದಾಗ ಎರಡನೇ ಸಲ ಯಾರೂ ಕಳಿಸಲ್ಲ.’

ಹೊರಡುವಾಗ ಬಾಗಿಲ ಹಿಡಿಕೆ ಹಿಡಿದು ನಿಂತು, ನನ್ನ ಮುಖ ನೋಡದೆ ಕೇಳಿದಳು: ‘ಪೇಪರ್ ಓದಿದ್ಯಾ? ಆ... ಸಾಲು?’

‘ಹೂಂ’ ಎಂದೆ.

‘ಸರಿ ಮತ್ತೆ. ತಟ್ಟೆ ತೊಳೆದು ವಾಪಸ್ ಕೊಡು’ ಎಂದು ಹೊರಟುಹೋದಳು.

ಮಾನ್ಯರೇ, ಈ ಪತ್ರದಲ್ಲಿ ನಾನು ವ್ಯಂಗ್ಯವಿಲ್ಲದೆ ಕೃತಜ್ಞತೆ ಹೇಳುವ ಜಾಗ ಇದೊಂದೇ. ಎತ್ತಿ ಬರೆಯಬಾರದೆಂದಿದ್ದರೂ ತಾವು ಕರಡಿನ ಸಾವಿನ ಅಧ್ಯಾಯದಿಂದ ಒಂದು ವಾಕ್ಯವನ್ನು ಎತ್ತಿ ಬರೆದಿರಿ. ‘ನನ್ನ ತಾಯಿ ನನ್ನನ್ನು ಬಿಟ್ಟು ಹೋದಳೆಂದು ಊರು ಹೇಳುತ್ತದೆ, ನನ್ನ ತಾಯಿ ಎಲ್ಲಿಗೂ ಹೋಗಲಿಲ್ಲ, ಹಿಮದ ಲಾರಿ ಓಡಿಸಿಕೊಂಡು ಇದೇ ಊರಿನಲ್ಲಿದ್ದಳು.’ ಅಂಗಡಿಯಲ್ಲಿ ಸಿಗುವ ಪುಸ್ತಕದಲ್ಲಿ ಈ ವಾಕ್ಯ ಇಲ್ಲ. ನಾನು ಬದುಕಿದ ಕೂಡಲೇ ಅವಳು ಅದನ್ನು ಹೊಡೆದುಹಾಕಿದ್ದಾಳೆ. ನಾವು ಫಿನ್‌ಲ್ಯಾಂಡಿನಿಂದ ಬಂದವರ ಮೊಮ್ಮಕ್ಕಳು. ಪ್ರೀತಿ ಬಂದರೆ ಸೌದೆ ಒಡೆದುಕೊಡುತ್ತೇವೆ, ಬಾಯಿ ಬಿಡುವುದಿಲ್ಲ. ಅವಳು ನನ್ನನ್ನು ಅತ್ತೆ ಎನ್ನುತ್ತಾಳೆ, ನಾನು ಅವಳನ್ನು ‘ಹುಡುಗೀ’ ಎನ್ನುತ್ತೇನೆ, ಅಷ್ಟರಲ್ಲೇ ಒಂದು ಜನ್ಮ ಕಳೆದಿದ್ದೇವೆ. ತಾವು ತಪ್ಪು ಮಾಡದಿದ್ದರೆ ನಾನು ಆ ವಾಕ್ಯವನ್ನು ಕಾಣದೆಯೇ ಹೋಗುತ್ತಿದ್ದೆ. ಅದನ್ನು ಓದಿ ನಾನು ಅತ್ತುಬಿಟ್ಟೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತೆ.

ಕಳೆದ ವಾರ ಕೈಸಾ ತಾನಿರುವ ಮಿಲ್ವಾಕಿ ನಗರದಿಂದ ಕಾರಿನಲ್ಲಿ ಬಂದಳು. ಮೂರು ಲೋಟ ಕಾಫಿ ಕುಡಿದ ಮೇಲೆ ವಿಷಯ ಹೊರಬಂತು.

‘ಅತ್ತೆ, ಪುಸ್ತಕ ಮತ್ತೆ ಅಚ್ಚು ಹಾಕ್ತಾರಂತೆ, ಕಡಿಮೆ ಬೆಲೆಗೆ. ಈ ಸಲ ಆತ್ಮಕಥೆ ಅಂತ ಬೇಡ, ಕಾದಂಬರಿ ಅಂತ ಹಾಕೋಣ ಅಂತಾರೆ. ಆಗ... ಆ ಹಳೆ ಅಧ್ಯಾಯ ವಾಪಸ್ ಸೇರಿಸಬಹುದಂತೆ. ಆ ಪಾರ್ಮೆಂಟರ್ ಮೆಚ್ಚಿದ್ರಲ್ಲ, ಅದು.’

‘ಅಂದ್ರೆ ನನ್ನನ್ನ ಸಾಯಿಸ್ತೀರಿ.’

‘ನೀನು ಬೇಡ ಅಂದ್ರೆ ಬೇಡ. ನಿನ್ನ ಕೇಳಿ ಹೇಳ್ತೀನಿ ಅಂತ ಬಂದೆ.’

ಪೇಪರ್ ಓದಿದ್ದೇನೆಂದು ನಾನು ಅವಳಿಗೆ ಹೇಳಿರಲಿಲ್ಲ. ಕನ್ನಡಕ ಸರಿಯಿಲ್ಲವೆಂದು ಸುಳ್ಳು ಹೇಳಿ, ‘ಹೇಗೆ ಸಾಯ್ತೀನಿ ಅಂತ ಓದಿ ಹೇಳು, ಆಮೇಲೆ ನೋಡೋಣ’ ಎಂದೆ. ಅವಳು ಕರಡು ಪ್ರತಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ನಿಂತು ಓದಿದಳು. ನನ್ನ ಉಸಿರು ಸಣ್ಣಗಾಗುವುದು, ನರ್ಸು ಪರದೆ ಎಳೆಯುವುದು, ಹೊರಗೆ ಹಿಮ ಬೀಳುವುದು ಎಲ್ಲವನ್ನೂ ಓದಿದಳು. ನಿಜಕ್ಕೂ ಚೆನ್ನಾಗಿ ಬರೆದಿದ್ದಾಳೆ, ತಮ್ಮ ಅಭಿಪ್ರಾಯಕ್ಕೆ ನನ್ನ ತಕರಾರಿಲ್ಲ. ಆ ವಾಕ್ಯದ ಹತ್ತಿರ ಬಂದಾಗ ಅವಳ ದನಿ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನು ದಾಟಿ ಮುಂದಿನ ಸಾಲಿಗೆ ಹೋದಳು.

ನಾನು ‘ಚೆನ್ನಾಗಿದೆ’ ಎಂದೆ. ‘ಇನ್ನೊಂದು ತುಂಡು ಬ್ರೆಡ್ ತಗೋ ಹುಡುಗೀ’ ಎಂದೆ. ಯೋಚನೆ ಮಾಡಿ ಹೇಳುತ್ತೇನೆಂದು ಕಳಿಸಿಕೊಟ್ಟೆ. ಅಂದಿನಿಂದ ಅವಳೂ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ.

ಆದಕಾರಣ ಮಾನ್ಯರಲ್ಲಿ ನನ್ನ ಕೋರಿಕೆ ಹೀಗಿದೆ. ತಾವು ದಯಮಾಡಿ ಮೂರನೆಯ ಲೇಖನವೊಂದನ್ನು ಬರೆದು, ಇಂಥ ವಾಕ್ಯಗಳನ್ನು ಎದ್ದು ಕುಳಿತು ಕಾಫಿ ಕುಡಿಯುತ್ತಿರುವವರ ಮುಂದೆಯೂ ಹೇಳುವುದು ಕಲೆಗೆ ವಿರೋಧವಲ್ಲ ಎಂದು ಸಾರಬೇಕು. ತಾವು ಬರೆದರೆ ಕೈಸಾ ನಂಬುತ್ತಾಳೆ. ಒಂದು ವಾರ ಊಟ ಬಿಟ್ಟು ಕೊರಗುವಷ್ಟು ಅವಳು ತಮ್ಮನ್ನು ನಂಬುತ್ತಾಳೆಂದು ಅವಳ ಗೆಳತಿಯಿಂದ ಕೇಳಿಬಲ್ಲೆ. ಹಾಗೆಯೇ, ಯಾವ ರೀತಿ ಸತ್ತರೆ ತಮ್ಮ ಪುಟದಲ್ಲಿ ಪೂರ್ಣ ಅಂಕ ದೊರೆಯುವುದೆಂದು ಮುಂಚಿತವಾಗಿ ತಿಳಿಸಿದರೆ, ಅಂದು ತಮ್ಮನ್ನು ಹಾಸಿಗೆಯ ಬಳಿ ಕುರ್ಚಿ ಹಾಕಿ ಕೂರಿಸುವ ಏರ್ಪಾಡು ಮಾಡಲಾಗುವುದು. ಇದೊಂದು ಸಲವಾದರೂ ತಾವು ಕೃತಿಯನ್ನು ಕೊನೆಯ ತನಕ ನೋಡಿ ಅಭಿಪ್ರಾಯ ಕೊಟ್ಟಂತಾಗುತ್ತದೆ.

ತಮ್ಮ ಲೇಖನಿಗೆ ದೀರ್ಘಾಯುಷ್ಯವನ್ನೂ, ನನ್ನ ಅಲ್ಪಸ್ವಲ್ಪ ಆಯುಷ್ಯಕ್ಕೆ ತಮ್ಮ ಕ್ಷಮೆಯನ್ನೂ ಕೋರುವ,

ತಮ್ಮ ವಿಶ್ವಾಸಿ,
ಐಲಿ ಕೊಸ್ಕೆಲಾ
(ನಂಬಲರ್ಹವಲ್ಲದವಳು)

ವಿ.ಸೂ.: ತಮ್ಮ ಪತ್ರಿಕೆ ಇದನ್ನು ಅಚ್ಚು ಹಾಕದಿದ್ದರೂ ಬೇಸರವಿಲ್ಲ. ನಮ್ಮೂರ ವಾರಪತ್ರಿಕೆಯವರು ಹಾಕುತ್ತಾರೆ, ಕೈಸಾ ಅದನ್ನು ಮಿಲ್ವಾಕಿಗೆ ತಪ್ಪದೆ ತರಿಸಿ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದುತ್ತಾಳೆ, ಆ ಅಭ್ಯಾಸ ತಮಗಿಲ್ಲದಿದ್ದರೂ ಅವಳಿಗಿದೆ. ನಿಜ ಹೇಳಬೇಕೆಂದರೆ ಈ ಪತ್ರ ತಮಗೆ ಬರೆದದ್ದೇ ಅಲ್ಲ. ನಮ್ಮ ಜನಕ್ಕೆ ಇಂಥ ಮಾತನ್ನು ನೇರವಾಗಿ ಆಡಲು ಬಾರದ್ದರಿಂದ ನಡುವೆ ನಿಲ್ಲಿಸಿಕೊಳ್ಳಲು ಒಬ್ಬರು ಬೇಕಾಗಿತ್ತು, ತಾವು ಬಿಡುವಾಗಿರುವಂತೆ ಕಂಡಿತು. ಕೈಸಾ, ನಾನು ಪೇಪರ್ ಓದಿದ್ದೆ. ಪುಸ್ತಕದಲ್ಲಿ ಸಾಯಿಸಬೇಕು ಅಂತಿದ್ದರೆ ಸಾಯಿಸು, ನನ್ನ ಒಪ್ಪಿಗೆ ಇದೆ. ಅದಕ್ಕೆ ಮೊದಲು ಮನೆಗೆ ಬಂದು, ಬಿಟ್ಟುಹೋದ ಆ ಒಂದು ಸಾಲನ್ನು ಓದಿ ಹೋಗು, ಮಗಳೇ.